ಹಂಚಿಕೊಳ್ಳುವ ಗುಣ ಮಗುವಿಗೆ ಎಲ್ಲಿಂದ ಬರುತ್ತದೆ?

(ಸಂಘದ ವಾರ್ಷಿಕ ಪೋಷಕರ ಸಮಾವೇಶದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಉರ್ದು ಮತ್ತು ಕನ್ನಡ ಕಲಿಸುವ ಭಾಷಾ ಶಿಕ್ಷಕಿ ಮೆದುಳಿನ ಬಗ್ಗೆ ಮಾತನಾಡಲು ಹೊರಟಿದ್ದು ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ಕಾರಣ ಇಷ್ಟೇ. ಪೋಷಕರ ಸಭೆಗಳಲ್ಲಿ ಚಿಕ್ಕ ಮಕ್ಕಳ ತಾಯಂದಿರು ನನ್ನನ್ನು ಹೆಚ್ಚಾಗಿ ಕೇಳುವುದು ಅಕ್ಷರದ ಬಗ್ಗೆ ಅಲ್ಲ. "ಮೇಡಂ, ನಮ್ಮ ಹುಡುಗ ಒಂದು ಪೆನ್ಸಿಲ್ ಕೂಡ ಯಾರಿಗೂ ಕೊಡುವುದಿಲ್ಲ. ತಂಗಿ ಆಟಿಕೆ ಮುಟ್ಟಿದರೆ ಹೊಡೆಯುತ್ತಾನೆ. ಇವನು ಹುಟ್ಟಾ ಸ್ವಾರ್ಥಿಯೇ?" ಎಂದು ಕೇಳುತ್ತಾರೆ. ಕೇಳುವಾಗ ಅವರ ಮುಖದಲ್ಲಿ ಚಿಂತೆ ಇರುತ್ತದೆ, ಸ್ವಲ್ಪ ನಾಚಿಕೆಯೂ ಇರುತ್ತದೆ. ಮಗು ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತದೆ.

ಈ ಪ್ರಶ್ನೆಗೆ ಸಭೆಯ ಗದ್ದಲದಲ್ಲಿ ಎರಡು ಮಾತಿನಲ್ಲಿ ಉತ್ತರ ಹೇಳಲಾಗುವುದಿಲ್ಲ. ಇಂದು ನನಗೆ ಅರ್ಧ ಗಂಟೆ ಸಿಕ್ಕಿದೆ. ಕಳೆದ ಕೆಲವು ದಶಕಗಳಲ್ಲಿ ವಿಜ್ಞಾನಿಗಳು ಎಳೆಯ ಮಕ್ಕಳೊಡನೆ ನಡೆಸಿರುವ ಕೆಲವು ಸರಳ ಪ್ರಯೋಗಗಳನ್ನು ನಿಮ್ಮ ಮುಂದಿಟ್ಟು ಉತ್ತರಿಸಲು ಪ್ರಯತ್ನಿಸುತ್ತೇನೆ.

ಮೊದಲೇ ಸಾರಾಂಶ ಹೇಳಿಬಿಡುತ್ತೇನೆ. ಸಹಕಾರ ಎಂಬುದು ಒಂದೇ ಗುಣವಲ್ಲ. ಅದರಲ್ಲಿ ಮೂರು ಭಾಗಗಳಿವೆ. ಒಂದು, ಸಹಾಯ ಮಾಡಬೇಕೆಂಬ ಬಯಕೆ. ಎರಡು, ಎದುರಿನವರ ಮನಸ್ಸಿನಲ್ಲಿ ಏನಿದೆ ಎಂಬ ಅರಿವು. ಮೂರು, ನಮ್ಮ ಆಸೆಯನ್ನು ತಡೆಹಿಡಿಯುವ ಶಕ್ತಿ. ಇವು ಮೆದುಳಿನಲ್ಲಿ ಒಂದೇ ದಿನ ಅರಳುವುದಿಲ್ಲ. ಬಯಕೆ ಬಹಳ ಬೇಗ ಬರುತ್ತದೆ, ಅರಿವು ಆಮೇಲೆ ಬರುತ್ತದೆ, ತಡೆಯುವ ಶಕ್ತಿ ಎಲ್ಲಕ್ಕಿಂತ ತಡವಾಗಿ ಬರುತ್ತದೆ. ಈ ನಡುವಿನ ವರ್ಷಗಳಲ್ಲಿ ಮಗುವಿಗೆ ಬೇಕಾಗಿರುವುದು ಬುದ್ಧಿಮಾತಲ್ಲ, ಬಹುಮಾನವೂ ಅಲ್ಲ. ಇನ್ನೊಬ್ಬರ ಜೊತೆ ಕೂಡಿ ಒಂದು ಕೆಲಸ ಮಾಡುವ ಅವಕಾಶ ಬೇಕು.

ತೊಟ್ಟಿಲಲ್ಲಿಯೇ ಆರಂಭ

ಮಗು ಹುಟ್ಟುವಾಗಲೇ ಅದರ ಮೆದುಳಿನಲ್ಲಿ ಬಹುಪಾಲು ನರಕೋಶಗಳು ಇರುತ್ತವೆ. ಆದರೆ ಅವುಗಳ ನಡುವಿನ ಸಂಪರ್ಕಗಳು ಇನ್ನೂ ಹೆಣೆದುಕೊಳ್ಳಬೇಕಾಗಿರುತ್ತದೆ. ಮನೆ ಕಟ್ಟಿ ಮುಗಿದಿದೆ, ವೈರಿಂಗ್ ಬಾಕಿ ಇದೆ ಎಂದುಕೊಳ್ಳಿ. ಮೊದಲ ವರ್ಷದಲ್ಲಿಯೇ ಮೆದುಳಿನ ಗಾತ್ರ ಸುಮಾರು ಇಮ್ಮಡಿಯಾಗುತ್ತದೆ. 5 ವರ್ಷ ತುಂಬುವ ಹೊತ್ತಿಗೆ ಅದು ದೊಡ್ಡವರ ಮೆದುಳಿನ ಗಾತ್ರದ ಸುಮಾರು ಶೇ. 90ರಷ್ಟು ಬೆಳೆದಿರುತ್ತದೆ. ಮತ್ತೆ ಮತ್ತೆ ಬಳಕೆಯಾಗುವ ಸಂಪರ್ಕಗಳು ಗಟ್ಟಿಯಾಗುತ್ತವೆ, ಬಳಕೆಯಾಗದವು ಕಳಚಿಹೋಗುತ್ತವೆ. ಹೊಲದಲ್ಲಿ ಜನ ನಡೆದಾಡಿದ ಕಡೆ ಕಾಲುದಾರಿ ಉಳಿಯುತ್ತದೆ, ನಡೆಯದ ಕಡೆ ಹುಲ್ಲು ಮುಚ್ಚಿಕೊಳ್ಳುತ್ತದೆ. ಇದೂ ಹಾಗೆಯೇ.

ಮನುಷ್ಯರ ಜೊತೆ ಒಡನಾಡುವ ಕಾಲುದಾರಿ ಮೊದಲ ತಿಂಗಳುಗಳಲ್ಲೇ ಬೀಳುತ್ತದೆ. ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರೋನಿಕ್ 1970ರ ದಶಕದಲ್ಲಿ ಒಂದು ಪ್ರಯೋಗ ಮಾಡಿದರು. ತಾಯಿ ಮಗುವಿನೊಡನೆ ನಗುತ್ತಾ ಮಾತನಾಡುತ್ತಾ ಇರುತ್ತಾಳೆ. ನಂತರ ಕೆಲವು ನಿಮಿಷ ಮಗುವನ್ನೇ ನೋಡುತ್ತಾ ಮುಖದಲ್ಲಿ ಯಾವ ಭಾವವೂ ಇಲ್ಲದಂತೆ ಸುಮ್ಮನೆ ಕೂರುತ್ತಾಳೆ. ಕೆಲವೇ ತಿಂಗಳ ಆ ಮಗು ಮೊದಲು ನಗುತ್ತದೆ, ಕೈ ಚಾಚುತ್ತದೆ, ಸದ್ದು ಮಾಡಿ ಕರೆಯುತ್ತದೆ. ತಾಯಿ ಉತ್ತರಿಸದಿದ್ದಾಗ ಮುಖ ತಿರುಗಿಸಿ ಕಳವಳಗೊಳ್ಳುತ್ತದೆ. ಮಾತು ಬಾರದ ಆ ಕೂಸಿಗೂ "ನಾನು ಕರೆದರೆ ನೀನು ಓಗೊಡಬೇಕು" ಎಂಬ ಒಪ್ಪಂದ ಗೊತ್ತು. ಸಹಕಾರದ ಮೊದಲ ಪಾಠ ಇದೇ. ನಮ್ಮ ಮನೆಗಳಲ್ಲಿ ಅಜ್ಜಿಯರು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಅದು "ಆ" ಎಂದರೆ "ಆ" ಎಂದು, "ಊ" ಎಂದರೆ "ಊ" ಎಂದು ಮಾತನಾಡಿಸುತ್ತಿದ್ದುದು ವ್ಯರ್ಥ ಕಾಲಹರಣವಾಗಿರಲಿಲ್ಲ. ಕೈಯಲ್ಲಿ ಮೊಬೈಲ್ ಹಿಡಿದು ಮಗುವಿಗೆ ಹಾಲು ಕುಡಿಸುವಾಗ ನಮ್ಮ ಮುಖವೂ ಆ ಪ್ರಯೋಗದ ತಾಯಿಯ ಮುಖದಂತೆ ಆಗುತ್ತಿಲ್ಲವೇ ಎಂದು ನಾವು ಒಮ್ಮೆ ಕೇಳಿಕೊಳ್ಳಬೇಕು.

9 ತಿಂಗಳು ಕಳೆದು ಒಂದು ವರ್ಷದತ್ತ ಬರುವಾಗ ಮಗು ಬೆರಳು ಚಾಚಿ ತೋರಿಸಲು ಆರಂಭಿಸುತ್ತದೆ. ಕಾಗೆಯನ್ನು ತೋರಿಸಿ ನಿಮ್ಮ ಮುಖ ನೋಡುತ್ತದೆ. ಅದಕ್ಕೆ ಕಾಗೆ ಬೇಕಾಗಿಲ್ಲ. "ನಾನು ನೋಡಿದ್ದನ್ನು ನೀನೂ ನೋಡು" ಎಂಬುದಷ್ಟೇ ಅದರ ಬಯಕೆ. ತಾನು ಕಂಡದ್ದನ್ನು ಹಂಚಿಕೊಳ್ಳುವುದನ್ನು ಮಗು ಅಷ್ಟು ಬೇಗ ಕಲಿತಿರುತ್ತದೆ.

ಹದಿನೆಂಟು ತಿಂಗಳ ಸಹಾಯಕರು

2006ರಲ್ಲಿ ಜರ್ಮನಿಯ ಲೈಪ್ಜಿಗ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲ್ಲೊ ಎಂಬ ವಿಜ್ಞಾನಿಗಳು ತಮ್ಮ ಒಂದು ಅಧ್ಯಯನವನ್ನು ಪ್ರಕಟಿಸಿದರು. 18 ತಿಂಗಳ 24 ಮಕ್ಕಳ ಎದುರಿಗೆ ಒಬ್ಬ ಅಪರಿಚಿತ ವ್ಯಕ್ತಿ ಬಟ್ಟೆ ಒಣಹಾಕುತ್ತಿದ್ದಾನೆ. ಕ್ಲಿಪ್ ಕೈಜಾರಿ ಬೀಳುತ್ತದೆ. ಅವನು ಕೈ ಚಾಚುತ್ತಾನೆ, ಎಟುಕುವುದಿಲ್ಲ. ಇನ್ನೊಮ್ಮೆ ಎರಡೂ ಕೈಗಳಲ್ಲಿ ಪತ್ರಿಕೆಗಳ ಕಟ್ಟು ಹಿಡಿದುಕೊಂಡು ಮುಚ್ಚಿದ ಕಪಾಟಿಗೆ ಹೋಗಿ ತಾಗುತ್ತಾನೆ. ಇಂಥ ಹಲವು ಸಂದರ್ಭಗಳನ್ನು ಮಕ್ಕಳ ಮುಂದಿಟ್ಟರು. ಯಾರೂ ಸಹಾಯ ಮಾಡೆಂದು ಹೇಳಲಿಲ್ಲ, ಏನೂ ಕೊಡಲಿಲ್ಲ, ಶಹಬ್ಬಾಸ್ ಎಂದೂ ಹೇಳಲಿಲ್ಲ. ಆದರೂ 24ರಲ್ಲಿ 22 ಮಕ್ಕಳು ಒಮ್ಮೆಯಾದರೂ ಸಹಾಯಕ್ಕೆ ಬಂದರು. ತಪ್ಪು ಹೆಜ್ಜೆ ಇಡುತ್ತಾ ಹೋಗಿ ಕ್ಲಿಪ್ ಎತ್ತಿಕೊಟ್ಟರು, ಕಪಾಟಿನ ಬಾಗಿಲು ತೆರೆದರು. ಆದರೆ ಅವನು ಬೇಕೆಂದೇ ಕ್ಲಿಪ್ ಎಸೆದಾಗ ಹೀಗೆ ಎತ್ತಿಕೊಡಲು ಹೋಗಲಿಲ್ಲ. ಅಂದರೆ ಬೀಳಿಸಿದ್ದಕ್ಕೂ ಎಸೆದದ್ದಕ್ಕೂ ಇರುವ ವ್ಯತ್ಯಾಸ ಆ ಕೂಸುಗಳಿಗೆ ತಿಳಿದಿತ್ತು.

ಈಗ ಹೇಳಿ, ಮಗು ಹುಟ್ಟಾ ಸ್ವಾರ್ಥಿಯೇ?

ಅದೇ ಇಬ್ಬರು 2008ರಲ್ಲಿ ಮತ್ತೊಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ನಾವು ಎಚ್ಚರದಿಂದ ಕೇಳಬೇಕಾದದ್ದು ಇದನ್ನು. 20 ತಿಂಗಳ ಮಕ್ಕಳಲ್ಲಿ ಕೆಲವರಿಗೆ ಸಹಾಯ ಮಾಡಿದಾಗಲೆಲ್ಲ ಒಂದು ಆಟದ ವಸ್ತು ಬಹುಮಾನ ಕೊಟ್ಟರು. ಕೆಲವರಿಗೆ ಮೆಚ್ಚುಗೆಯ ಮಾತು ಮಾತ್ರ. ಇನ್ನು ಕೆಲವರಿಗೆ ಏನೂ ಇಲ್ಲ. ಬಳಿಕ ಬಹುಮಾನ ನಿಲ್ಲಿಸಿ ನೋಡಿದರು. ಹಿಂದೆ ಬಹುಮಾನ ಪಡೆದಿದ್ದ ಮಕ್ಕಳೇ ಉಳಿದವರಿಗಿಂತ ಕಡಿಮೆ ಸಹಾಯ ಮಾಡಿದರು! ತಾನಾಗಿ ಹರಿಯುತ್ತಿದ್ದ ನೀರಿಗೆ ನಾವು ಬೆಲೆ ಕಟ್ಟಿದೆವು. ಬೆಲೆ ನಿಂತಾಗ ನೀರೂ ನಿಂತಿತು. "ತಂಗಿಗೆ ಕೊಟ್ಟರೆ ಚಾಕೊಲೇಟ್ ಕೊಡಿಸುತ್ತೇನೆ" ಎಂದು ನಾವು ದಿನವೂ ಹೇಳುವ ಮಾತನ್ನು ಇದರ ಪಕ್ಕದಲ್ಲಿಟ್ಟು ಯೋಚಿಸಿ.

ಇನ್ನೊಬ್ಬರ ಮನಸ್ಸನ್ನು ಓದುವುದು

ಸಹಾಯದ ಬಯಕೆ ಇದ್ದರೆ ಸಾಲದು. ಎದುರಿನವರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದೂ ತಿಳಿಯಬೇಕು. 1983ರಲ್ಲಿ ಹೈನ್ಸ್ ವಿಮ್ಮರ್ ಮತ್ತು ಯೋಸೆಫ್ ಪೆರ್ನರ್ ಎಂಬುವರು ಮಕ್ಕಳಿಗೆ ಒಂದು ಚಿಕ್ಕ ಕಥೆ ಹೇಳಿದರು. ಮ್ಯಾಕ್ಸಿ ಎಂಬ ಹುಡುಗ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಟಕ್ಕೆ ಹೋಗುತ್ತಾನೆ. ಅವನಿಲ್ಲದಾಗ ತಾಯಿ ಅದನ್ನು ಇನ್ನೊಂದು ಕಪಾಟಿಗೆ ಬದಲಿಸುತ್ತಾಳೆ. ಮ್ಯಾಕ್ಸಿ ಮರಳಿ ಬಂದು ಎಲ್ಲಿ ಹುಡುಕುತ್ತಾನೆ?

ನಮಗೆ ಇದು ಪ್ರಶ್ನೆಯೇ ಅಲ್ಲ. ಆದರೆ 3 ವರ್ಷದ ಮಗು ಸಾಮಾನ್ಯವಾಗಿ "ಹೊಸ ಕಪಾಟಿನಲ್ಲಿ" ಎನ್ನುತ್ತದೆ. ತನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತು ಎಂದು ಅದು ನಂಬಿರುತ್ತದೆ. 4ರಿಂದ 5 ವರ್ಷದ ನಡುವೆ ಹೆಚ್ಚಿನ ಮಕ್ಕಳು "ಮೊದಲು ಇಟ್ಟ ಕಡೆಯೇ ಹುಡುಕುತ್ತಾನೆ, ಪಾಪ ಅವನಿಗೆ ಗೊತ್ತಿಲ್ಲವಲ್ಲ" ಎನ್ನಲು ಶುರು ಮಾಡುತ್ತವೆ. ಇದು ಯುರೋಪಿನ ಮಕ್ಕಳ ಕಥೆ ಮಾತ್ರ ಎಂದುಕೊಳ್ಳಬೇಡಿ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಕೆನಡಾ, ಭಾರತ, ಪೆರು, ಸಮೋವಾ ಮತ್ತು ಥಾಯ್ಲೆಂಡ್ ಈ ಐದೂ ಕಡೆಯ ಮಕ್ಕಳಲ್ಲಿ ಈ ಬದಲಾವಣೆ 3 ಮತ್ತು 5 ವರ್ಷದ ನಡುವೆಯೇ ಆಗುತ್ತದೆ ಎಂದು ತೋರಿಸಿತು.

ಆಗ ಮೆದುಳಿನೊಳಗೆ ಏನಾಗುತ್ತದೆ? ಲೈಪ್ಜಿಗ್‌ನ ಇನ್ನೊಂದು ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು 3 ಮತ್ತು 4 ವರ್ಷದ ಮಕ್ಕಳ ಮೆದುಳನ್ನು ಎಂ.ಆರ್.ಐ. ಯಂತ್ರದಲ್ಲಿ ನೋಡಿ 2017ರಲ್ಲಿ ವರದಿ ಪ್ರಕಟಿಸಿದರು. ಕಿವಿಯ ಮೇಲ್ಭಾಗದ ಹಿಂದೆ, ಇತರರ ಬಗ್ಗೆ ಯೋಚಿಸುವಾಗ ಕೆಲಸ ಮಾಡುವ ಒಂದು ಪ್ರದೇಶವಿದೆ. ಹಣೆಯ ಹಿಂದೆ ಇನ್ನೊಂದು ಪ್ರದೇಶವಿದೆ. ಇವೆರಡನ್ನೂ ಜೋಡಿಸುವ ನರತಂತುಗಳ ಕಟ್ಟು ಈ ವಯಸ್ಸಿನಲ್ಲಿ ಬಲಿಯುತ್ತದೆ. ಮ್ಯಾಕ್ಸಿಯಂಥ ಕಥೆಗಳಿಗೆ ಸರಿಯಾಗಿ ಉತ್ತರಿಸಿದ ಮಕ್ಕಳಲ್ಲಿ ಈ ಜೋಡಣೆ ಹೆಚ್ಚು ಬಲಿತಿತ್ತು. ನಮ್ಮ ಹೋಲಿಕೆಯಲ್ಲಿ ಹೇಳುವುದಾದರೆ ಎರಡು ಊರುಗಳ ನಡುವಿನ ಕಚ್ಚಾ ರಸ್ತೆ ಆಗ ತಾನೇ ಡಾಂಬರು ರಸ್ತೆಯಾಗುತ್ತಿರುತ್ತದೆ.

ಆದ್ದರಿಂದ 3 ವರ್ಷದ ಮಗು ಗೆಳೆಯನ ಕೈಯಿಂದ ಚೆಂಡು ಕಿತ್ತುಕೊಂಡಾಗ "ಅವನಿಗೆ ಎಷ್ಟು ಬೇಸರವಾಗುತ್ತೆ ಗೊತ್ತಾಗಲ್ವಾ ನಿನಗೆ?" ಎಂದು ಗದರಿದರೆ, ಪ್ರಾಮಾಣಿಕವಾದ ಉತ್ತರ "ಇನ್ನೂ ಪೂರ್ತಿ ಗೊತ್ತಾಗುವುದಿಲ್ಲ" ಎಂಬುದೇ. ಹಾಗೆಂದು ಸುಮ್ಮನಿರಬೇಕಾಗಿಲ್ಲ. "ನೋಡು, ಅವನು ಅಳುತ್ತಿದ್ದಾನೆ. ಅವನಿಗೂ ಆಡಬೇಕು ಅನ್ನಿಸಿದೆ" ಎಂದು ಶಾಂತವಾಗಿ ಹೇಳಿದರೆ ರಸ್ತೆಗೆ ಒಂದು ಬುಟ್ಟಿ ಜಲ್ಲಿ ಹಾಕಿದಂತೆ. ಒಡಹುಟ್ಟಿದವರು ಹೆಚ್ಚಿರುವ ಮಕ್ಕಳು ಇಂಥ ಪ್ರಶ್ನೆಗಳಲ್ಲಿ ಬೇಗ ತೇರ್ಗಡೆಯಾಗುತ್ತಾರೆ ಎಂದು ಪೆರ್ನರ್ ಮತ್ತು ಅವರ ಸಂಗಡಿಗರು 1994ರಲ್ಲಿ ಬರೆದರು. ಜಗಳ, ರಾಜಿ, ಗುಟ್ಟು, ಕಣ್ಣಾಮುಚ್ಚಾಲೆ ಇವೆಲ್ಲ ಮನಸ್ಸು ಓದುವ ಅಭ್ಯಾಸಗಳೇ. ಒಂದೇ ಮಗು ಇರುವ ಮನೆಯವರು ಬೇಸರಪಡಬೇಕಾಗಿಲ್ಲ. ಚಿಕ್ಕಪ್ಪನ ಮಕ್ಕಳು, ಓಣಿಯ ಮಕ್ಕಳು, ಅಂಗನವಾಡಿಯ ಮಕ್ಕಳು ಇದ್ದಾರೆ. ಬಾಗಿಲು ತೆರೆದಿಟ್ಟರೆ ಸಾಕು.

ಗೊತ್ತು, ಆದರೆ ಕೈ ಬಿಡದು

ಇನ್ನು ಮೂರನೆಯ ಭಾಗ. ನಮ್ಮಲ್ಲಿ ಅತಿ ಹೆಚ್ಚು ಪೆಟ್ಟು ತಿನ್ನುವ ಭಾಗ ಇದೇ!

2013ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 3ರಿಂದ 8 ವರ್ಷದ ಮಕ್ಕಳಿಗೆ ಸ್ಟಿಕ್ಕರ್‌ಗಳನ್ನು ಕೊಟ್ಟು, ಇನ್ನೊಂದು ಮಗುವಿನ ಜೊತೆ ಹೇಗೆ ಹಂಚಬೇಕು ಎಂದು ಕೇಳಿದರು. 3 ವರ್ಷದವರೂ "ಸಮವಾಗಿ ಹಂಚಬೇಕು" ಎಂದೇ ಹೇಳಿದರು. ನಿಜವಾಗಿ ಹಂಚುವ ಹೊತ್ತು ಬಂದಾಗ ಚಿಕ್ಕವರು ಹೆಚ್ಚಿನದನ್ನು ತಾವೇ ಇಟ್ಟುಕೊಂಡರು. 7–8 ವರ್ಷದವರು ಹೇಳಿದಂತೆ ಹಂಚಿದರು. ಇನ್ನೂ ಸ್ವಾರಸ್ಯವೆಂದರೆ, "ನೀನು ಎಷ್ಟು ಕೊಡುತ್ತೀಯ?" ಎಂದು ಮೊದಲೇ ಕೇಳಿದಾಗ ಚಿಕ್ಕವರು ತಾವು ಹೆಚ್ಚು ಇಟ್ಟುಕೊಳ್ಳುವುದಾಗಿ ನಿಜವನ್ನೇ ಹೇಳಿದ್ದರು. ನಿಯಮ ಗೊತ್ತಿದೆ, ಸುಳ್ಳೂ ಇಲ್ಲ. ಆದರೆ ಕೈ ಬಿಡುವುದಿಲ್ಲ.

ಕೈ ಬಿಡಿಸುವ ಕೆಲಸ ಮೆದುಳಿನಲ್ಲಿ ಹಣೆಯ ಹಿಂದಿನ ಭಾಗದ್ದು. ಆಸೆಗೆ ಕಡಿವಾಣ ಹಾಕುವುದು, ಸ್ವಲ್ಪ ತಡೆದು ಯೋಚಿಸುವುದು ಅದರ ಕೆಲಸ. ಇಡೀ ಮೆದುಳಿನಲ್ಲಿ ಅತ್ಯಂತ ನಿಧಾನವಾಗಿ ಬಲಿಯುವ ಭಾಗಗಳಲ್ಲಿ ಅದೂ ಒಂದು. ಅದರ ಬೆಳವಣಿಗೆ 20ರ ವಯಸ್ಸು ದಾಟಿದ ಮೇಲೂ ನಡೆಯುತ್ತದೆ. 2012ರಲ್ಲಿ ಲೈಪ್ಜಿಗ್‌ನಲ್ಲಿ ನಿಕೊಲಾಸ್ ಸ್ಟೈನ್‌ಬೈಸ್ ಮತ್ತು ಸಂಗಡಿಗರು ಶಾಲಾ ಮಕ್ಕಳಿಗೆ ಹಂಚುವ ಆಟವೊಂದನ್ನು ಆಡಿಸಿದರು. ತೀರಾ ಕಡಿಮೆ ಕೊಟ್ಟರೆ ಎದುರಿನ ಮಗು ನಿರಾಕರಿಸಬಹುದು, ಆಗ ಇಬ್ಬರಿಗೂ ಏನೂ ಸಿಗುವುದಿಲ್ಲ. ಯಾವುದು ನ್ಯಾಯ ಎಂಬುದು ಚಿಕ್ಕ ಮಕ್ಕಳಿಗೂ ದೊಡ್ಡವರಷ್ಟೇ ತಿಳಿದಿತ್ತು. ಆದರೂ ಚಿಕ್ಕವರು ಕಡಿಮೆ ಕೊಟ್ಟರು. ಈ ವ್ಯತ್ಯಾಸ ಹಣೆಯ ಹಿಂದಿನ ಎಡಭಾಗ ಎಷ್ಟು ಬಲಿತಿದೆ ಎಂಬುದಕ್ಕೆ ತಳಕು ಹಾಕಿಕೊಂಡಿತ್ತು.

ಇದರ ಅರ್ಥ ಸ್ಪಷ್ಟವಾಗಿದೆ. 4 ವರ್ಷದ ಮಗು ಹಂಚಿಕೊಳ್ಳದಿದ್ದರೆ ಅದಕ್ಕೆ ಸಂಸ್ಕಾರ ಇಲ್ಲವೆಂದು ಅರ್ಥವಲ್ಲ. ಹಲ್ಲು ಬಾರದ ಮಗುವಿಗೆ ಕಬ್ಬು ಕೊಟ್ಟು ಜಗಿಯುವುದಿಲ್ಲವೆಂದು ಹೊಡೆಯುವವರು ಯಾರೂ ಇಲ್ಲ. ಇಲ್ಲಿಯೂ ಅಷ್ಟೇ ತಾಳ್ಮೆ ಬೇಕು. "ಇವನು ಸ್ವಾರ್ಥಿ", "ಇವಳು ಜಿಪುಣಿ" ಎಂದು ನಾಲ್ಕು ಜನರ ಮುಂದೆ ಹೆಸರಿಟ್ಟರೆ, ಮೆದುಳು ಬಲಿಯುವ ಮೊದಲೇ ಆ ಹೆಸರು ಬಲಿತುಬಿಡುತ್ತದೆ.

ಹಗ್ಗದ ಎರಡು ತುದಿ

ಹಾಗಾದರೆ 7–8 ವರ್ಷವಾಗುವವರೆಗೆ ಸುಮ್ಮನೆ ಕಾಯಬೇಕೇ? ಇಲ್ಲ. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಶಿಕ್ಷಕಿಯಾಗಿ ತುಂಬ ಹಿಡಿಸಿದೆ. ಇದನ್ನು ನಡೆಸಿದವರು ಕತ್ಹಾರೀನಾ ಹಾಮನ್ ಮತ್ತು ಸಂಗಡಿಗರು. ಒಂದು ಹಲಗೆಗೆ ಹಗ್ಗ ಕಟ್ಟಿದ್ದಾರೆ. ಇಬ್ಬರು 3 ವರ್ಷದ ಮಕ್ಕಳು ಹಗ್ಗದ ಎರಡು ತುದಿಗಳನ್ನು ಒಟ್ಟಿಗೆ ಎಳೆದರೆ ಮಾತ್ರ ಹಲಗೆ ಹತ್ತಿರ ಬರುತ್ತದೆ. ಬಂದಾಗ ಒಬ್ಬರ ಕಡೆ 3 ಗೋಲಿ, ಇನ್ನೊಬ್ಬರ ಕಡೆ 1 ಗೋಲಿ ಉರುಳುತ್ತದೆ. ಹೆಚ್ಚು ಪಡೆದ ಮಗು ಏನು ಮಾಡಿತು? ಬಹುತೇಕ ಸಲ ತಾನಾಗಿಯೇ ಒಂದು ಗೋಲಿ ಕೊಟ್ಟು ಎರಡು–ಎರಡು ಮಾಡಿಕೊಂಡಿತು! ಆದರೆ ಕೋಣೆಗೆ ಬಂದಾಗ ಗೋಲಿಗಳು ಮೊದಲೇ ಹಾಗೆ ಇದ್ದರೆ, ಅಥವಾ ಇಬ್ಬರೂ ಬೇರೆ ಬೇರೆ ಹಗ್ಗ ಎಳೆದಿದ್ದರೆ, ಅದೇ ವಯಸ್ಸಿನ ಮಕ್ಕಳು ಅಷ್ಟು ಸುಲಭವಾಗಿ ಕೊಡಲಿಲ್ಲ. ಚಿಂಪಾಂಜಿಗಳಿಗೆ ಇಂಥದೇ ಕೆಲಸ ಕೊಟ್ಟಾಗ ಕೂಡಿ ದುಡಿದರೂ ದುಡಿಯದಿದ್ದರೂ ಅವುಗಳ ಹಂಚಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ.

"ಏಕ್ ಔರ್ ಏಕ್ ಗ್ಯಾರಹ್" ಎಂದು ಉರ್ದುವಿನಲ್ಲಿ ಒಂದು ಗಾದೆ ಇದೆ. ಒಂದು ಮತ್ತು ಒಂದು ಸೇರಿದರೆ ಹನ್ನೊಂದು. ಕೂಡಿ ದುಡಿದ ಮೇಲೆ "ನನ್ನದು" ಎಂಬುದು "ನಮ್ಮದು" ಆಗುತ್ತದೆ. ಆಗ ಕೈ ತಡೆಯುವ ಶಕ್ತಿ ಇನ್ನೂ ಬಲಿಯದ ಮಗುವೂ ಹಂಚಿಕೊಳ್ಳುತ್ತದೆ.

ಹಾಡು, ಕುಣಿತಗಳಿಗೂ ಇದೇ ಶಕ್ತಿ ಇದೆ. 2010ರಲ್ಲಿ ಸೆಬಾಸ್ಟಿಯನ್ ಕಿರ್ಶ್ನರ್ ಮತ್ತು ಟೊಮಾಸೆಲ್ಲೊ 4 ವರ್ಷದ 96 ಮಕ್ಕಳನ್ನು ಜೋಡಿಗಳಾಗಿ ಆಡಿಸಿದರು. ಒಟ್ಟಿಗೆ ಹಾಡಿ, ತಾಳ ಹಾಕಿ ಕುಣಿದ ಜೋಡಿಗಳು ಅದೇ ಆಟವನ್ನು ಸಂಗೀತವಿಲ್ಲದೆ ಆಡಿದ ಜೋಡಿಗಳಿಗಿಂತ ಹೆಚ್ಚಾಗಿ ಒಬ್ಬರಿಗೊಬ್ಬರು ನೆರವಾದರು. ಚಪ್ಪಾಳೆ ತಟ್ಟುತ್ತಾ ಆಡುವ ನಮ್ಮ ಹಳೆಯ ಶಿಶುಗೀತೆಗಳನ್ನು "ಟೈಮ್ ಪಾಸ್" ಎಂದು ವೇಳಾಪಟ್ಟಿಯಿಂದ ತೆಗೆಯುವ ಮೊದಲು ಇದನ್ನು ನೆನಪಿಸಿಕೊಳ್ಳೋಣ.

ಎರಡು ಭಾಷೆಯ ಬೆಂಚು

ಈಗ ನನ್ನ ವೃತ್ತಿಗೆ ಹತ್ತಿರವಾದ ಒಂದು ಮಾತು. ನಮ್ಮ ಶಾಲೆಯಲ್ಲಿ ಮನೆಯಲ್ಲಿ ದಖ್ಖನಿ ಉರ್ದು ಆಡುವ ಮಕ್ಕಳಿದ್ದಾರೆ, ಕನ್ನಡ ಆಡುವ ಮಕ್ಕಳಿದ್ದಾರೆ. ಜೂನ್ ತಿಂಗಳಲ್ಲಿ ಒಂದನೇ ತರಗತಿಯ ಬಾಗಿಲಲ್ಲಿ ನಿಂತು ನೋಡಿದರೆ ಯಾರೂ ಹೇಳದಿದ್ದರೂ ಬೆಂಚುಗಳು ಭಾಷೆಯ ಪ್ರಕಾರ ಭಾಗವಾಗಿರುತ್ತವೆ. ಇದರಲ್ಲಿ ಯಾರ ದ್ವೇಷವೂ ಇಲ್ಲ. ಕ್ಯಾಥರಿನ್ ಕಿಂಜ್ಲರ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದಂತೆ 10 ತಿಂಗಳ ಕೂಸುಗಳು ಕೂಡ ತಮ್ಮ ಮನೆಮಾತು ಆಡಿದವರ ಕೈಯಿಂದ ಆಟಿಕೆ ತೆಗೆದುಕೊಳ್ಳಲು ಒಲವು ತೋರುತ್ತವೆ. 5 ವರ್ಷದ ಮಕ್ಕಳು ತಮ್ಮ ಭಾಷೆಯವರನ್ನೇ ಗೆಳೆಯರನ್ನಾಗಿ ಆರಿಸಿಕೊಳ್ಳುತ್ತಾರೆ. ಮೆದುಳು ಪರಿಚಿತ ದನಿಯನ್ನು ಹುಡುಕುತ್ತದೆ, ಅಷ್ಟೇ.

ಆದರೆ ಆ ಒಲವನ್ನು ಹಾಗೆಯೇ ಬಿಟ್ಟರೆ ಅದು ಗೋಡೆಯಾಗುತ್ತದೆ. ಎರಡು ಭಾಷೆ ಕೂಡಿ ಬೆಳೆದರೆ ಏನಾಗುತ್ತದೆ ಎಂಬುದನ್ನೂ ಕೇಳಿ. 2015ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದವರು 4ರಿಂದ 6 ವರ್ಷದ ಮಕ್ಕಳ ಮುಂದೆ ಒಂದು ಗೂಡುಗೂಡಾದ ಪೆಟ್ಟಿಗೆ ಇಟ್ಟರು. ಮಗುವಿಗೆ ಚಿಕ್ಕದು, ಮಧ್ಯಮ, ದೊಡ್ಡದು ಹೀಗೆ ಮೂರು ಕಾರುಗಳು ಕಾಣುತ್ತವೆ. ಎದುರು ಕುಳಿತವರಿಗೆ ಎಲ್ಲಕ್ಕಿಂತ ಚಿಕ್ಕದು ಕಾಣದಂತೆ ಮರೆ ಇದೆ. ಅವರು "ಚಿಕ್ಕ ಕಾರನ್ನು ಸರಿಸು" ಎನ್ನುತ್ತಾರೆ. ಅವರ ಕಣ್ಣಿನಿಂದ ನೋಡಬಲ್ಲ ಮಗು ಮಧ್ಯಮ ಕಾರನ್ನು ಸರಿಸಬೇಕು. ಒಂದೇ ಭಾಷೆಯ ವಾತಾವರಣದಲ್ಲಿ ಬೆಳೆದ ಮಕ್ಕಳು ಸುಮಾರು ಅರ್ಧದಷ್ಟು ಸಲ ಸರಿಯಾಗಿ ಮಾಡಿದರು. ಎರಡು ಭಾಷೆ ಬಲ್ಲವರು ಸುಮಾರು ಮುಕ್ಕಾಲು ಪಾಲು ಸಲ. ಅಷ್ಟೇ ಅಲ್ಲ, ಎರಡನೆಯ ಭಾಷೆಯನ್ನು ಸರಿಯಾಗಿ ಆಡಲು ಬಾರದೆ ಸುತ್ತಮುತ್ತ ಕೇಳುತ್ತಾ ಬೆಳೆದವರೂ ಅಷ್ಟೇ ಚೆನ್ನಾಗಿ ಮಾಡಿದರು! ಯಾರಿಗೆ ಯಾವ ಮಾತು ತಿಳಿಯುತ್ತದೆ ಎಂದು ದಿನವೂ ಗಮನಿಸಬೇಕಾದ ಮಗು ಇನ್ನೊಬ್ಬರ ಕಣ್ಣಿನಿಂದ ನೋಡುವುದನ್ನು ಕಲಿಯುತ್ತದೆ.

ಕೆಲವು ಪೋಷಕರು "ನಮ್ಮ ಮಗುವನ್ನು ಬೇರೆ ಭಾಷೆಯವರ ಜೊತೆ ಕೂರಿಸಬೇಡಿ, ಭಾಷೆ ಕೆಡುತ್ತದೆ" ಎಂದು ಎರಡೂ ಕಡೆಯಿಂದ ಬಂದು ಹೇಳುತ್ತಾರೆ. ಅವರಿಗೆ ನನ್ನ ವಿನಂತಿ: ದಯವಿಟ್ಟು ಆ ಬೆಂಚನ್ನು ಒಡೆಯಬೇಡಿ. ನಾನು ಉರ್ದು ಮಗು ಮತ್ತು ಕನ್ನಡ ಮಗು ಇಬ್ಬರಿಗೂ ಸೇರಿ ಒಂದೇ ಕ್ರೆಯಾನ್ ಡಬ್ಬಿ, ಒಂದೇ ದೊಡ್ಡ ಹಾಳೆ ಕೊಡುತ್ತೇನೆ. ಮೊದಲ ವಾರ ಎಳೆದಾಟ. ಆಮೇಲೆ ಒಬ್ಬ "ಲಾಲ್" ಎನ್ನುತ್ತಾನೆ, ಇನ್ನೊಬ್ಬ ಕೆಂಪು ಬಣ್ಣವನ್ನು ಎತ್ತಿಕೊಡುತ್ತಾನೆ. ಹಗ್ಗದ ಎರಡು ತುದಿ ಎಂದರೆ ನನಗೆ ಇದೇ.

ಹಿರಿಯರ ಮಾತು

ಮಗು ತಾಳ್ಮೆ ಕಲಿಯಬೇಕಾದರೆ ನಮ್ಮ ಮಾತಿಗೆ ಬೆಲೆ ಇರಬೇಕು. ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು 28 ಚಿಕ್ಕ ಮಕ್ಕಳೊಡನೆ ಮಾಡಿದ ಪ್ರಯೋಗ 2013ರಲ್ಲಿ ಪ್ರಕಟವಾಯಿತು. ಮೊದಲು "ಒಳ್ಳೆಯ ಬಣ್ಣಗಳನ್ನು ತರುತ್ತೇನೆ, ಕಾಯಿ" ಎಂದು ಹೇಳಿ, ಅರ್ಧ ಮಕ್ಕಳಿಗೆ ನಿಜವಾಗಿ ತಂದುಕೊಟ್ಟರು. ಉಳಿದ ಅರ್ಧಕ್ಕೆ ಬರಿಗೈಯಲ್ಲಿ ಬಂದು "ಇಲ್ಲವಂತೆ" ಎಂದರು. ಬಳಿಕ ಒಂದು ಸಿಹಿ ಮುಂದಿಟ್ಟು "15 ನಿಮಿಷ ಕಾದರೆ ಎರಡು ಸಿಗುತ್ತದೆ" ಎಂದರು. ಮಾತು ಉಳಿಸಿಕೊಂಡವರ ಜೊತೆಗಿದ್ದ 14 ಮಕ್ಕಳಲ್ಲಿ 9 ಮಕ್ಕಳು ಪೂರ್ತಿ ಕಾದರು. ಮಾತು ತಪ್ಪಿದವರ ಜೊತೆಗಿದ್ದ 14ರಲ್ಲಿ ಕಾದದ್ದು ಒಂದೇ ಮಗು. "ನಾಳೆ ಕೊಡಿಸುತ್ತೇನೆ", "ಆಮೇಲೆ ನಿನ್ನ ಸರದಿ" ಎಂದು ಹೇಳಿ ಮರೆಯುವ ನಮಗೆ ಇದು ಎಚ್ಚರಿಕೆ. ಸರದಿ ಬರುತ್ತದೆ ಎಂಬ ನಂಬಿಕೆ ಇಲ್ಲದ ಮಗು ಸರದಿ ಏಕೆ ಕಾಯಬೇಕು?

ಈ ಪ್ರಯೋಗಗಳಲ್ಲಿ ಹೆಚ್ಚಿನವು ಯುರೋಪ್, ಅಮೆರಿಕದ ಮಕ್ಕಳೊಡನೆ ನಡೆದವು ಎಂಬುದನ್ನು ನಾವು ಮರೆಯಬಾರದು. ಆದರೆ ಆರು ಬೇರೆ ಬೇರೆ ಸಮಾಜಗಳ 3ರಿಂದ 14 ವರ್ಷದ 326 ಮಕ್ಕಳನ್ನು ನೋಡಿದ 2013ರ ಅಧ್ಯಯನವೊಂದು ಹೀಗೆ ಹೇಳುತ್ತದೆ: ತಮಗೆ ಸಿಗುವುದನ್ನು ಬಿಟ್ಟುಕೊಡಬೇಕಾದ ಸಂದರ್ಭದಲ್ಲಿ ಎಳೆಯ ಮಕ್ಕಳು ಎಲ್ಲ ಕಡೆಯೂ ಹೆಚ್ಚು ಕಡಿಮೆ ಒಂದೇ ರೀತಿ ವರ್ತಿಸುತ್ತಾರೆ. ದೊಡ್ಡವರಾಗುತ್ತಾ ತಮ್ಮ ತಮ್ಮ ಸಮಾಜದ ಹಿರಿಯರಂತೆ ಆಗುತ್ತಾರೆ. ಅಂದರೆ ನಮ್ಮ ಮಕ್ಕಳು ಮುಂದೆ ಹೇಗೆ ಹಂಚಿಕೊಳ್ಳುತ್ತಾರೆ ಎಂಬುದನ್ನು ತಿಳಿಯಲು ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ, ನಮ್ಮನ್ನು ನಾವು ನೋಡಿಕೊಂಡರೆ ಸಾಕು.

ನಾವು ಮಾಡಬಹುದಾದದ್ದು

ಮನೆಯವರಿಗೆ ನಾಲ್ಕು ಸಲಹೆಗಳು.

1. ದಿನಕ್ಕೆ ಒಂದಾದರೂ ಕೆಲಸವನ್ನು ಇಬ್ಬರು ಮಕ್ಕಳು ಕೂಡಿ ಮಾಡುವಂತೆ ಕೊಡಿ. ಚಾಪೆ ಮಡಿಸುವುದು, ಬಟಾಣಿ ಸುಲಿಯುವುದು, ನೀರಿನ ಕೊಡದ ಎರಡು ಕಡೆ ಹಿಡಿಯುವುದು. ಒಬ್ಬರಿಂದಾಗದ ಕೆಲಸವಾಗಿದ್ದರೆ ಇನ್ನೂ ಒಳ್ಳೆಯದು.

2. ಪುಟ್ಟ ಮಗು ಸಹಾಯಕ್ಕೆ ಬಂದಾಗ "ಹೋಗು, ಚೆಲ್ಲುತ್ತೀಯ" ಎಂದು ಓಡಿಸಬೇಡಿ. ಎರಡು ವರ್ಷದಲ್ಲಿ ಹತ್ತು ಸಲ ಓಡಿಸಿಕೊಂಡ ಮಗು ಹತ್ತು ವರ್ಷದಲ್ಲಿ ಕರೆದರೂ ಬರುವುದಿಲ್ಲ.

3. ಸಹಾಯಕ್ಕೆ ಬೆಲೆ ಕಟ್ಟಬೇಡಿ. "ನೀನು ಹಿಡಿದುಕೊಂಡಿದ್ದರಿಂದ ನನಗೆ ಅನುಕೂಲವಾಯಿತು" ಎಂಬ ಒಂದು ಮಾತು ಸಾಕು.

4. ಹೇಳಿದ ಸರದಿಯನ್ನು ತಪ್ಪದೆ ಕೊಡಿ. ಕೊಡಲಾಗದಿದ್ದರೆ ಹೇಳಲೇಬೇಡಿ.

ಶಿಕ್ಷಕ ಬಂಧುಗಳಿಗೆ ಹೇಳಬೇಕಾದದ್ದು ಕಡಿಮೆ. ನಮ್ಮ ರಾಜ್ಯದಲ್ಲಿಯೇ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ–ಕಲಿ ಪದ್ಧತಿ ನಮ್ಮ ಕಣ್ಣ ಮುಂದಿದೆ. ಅಲ್ಲಿ ಮಕ್ಕಳು ನೆಲದ ಮೇಲೆ ತಟ್ಟೆಗಳ ಸುತ್ತ ಗುಂಪಾಗಿ ಕುಳಿತು ಕಲಿಯುತ್ತಾರೆ. ಶಿಕ್ಷಕರ ನೆರವಿನ ಗುಂಪು ಒಂದಾದರೆ, ಸಹಪಾಠಿಗಳ ನೆರವಿನಿಂದಲೇ ಕಲಿಯುವ ಗುಂಪು ಇನ್ನೊಂದು. ಒಂದು ಮಗು ಇನ್ನೊಂದಕ್ಕೆ ಹೇಳಿಕೊಡುವುದನ್ನು "ನಕಲು" ಎಂದು ಕರೆಯದೆ ಪಾಠದ ಭಾಗವಾಗಿಸಿದ್ದು ಅದರ ಹಿರಿಮೆ. ಖಾಸಗಿ ಶಾಲೆಗಳಲ್ಲಿರುವ ನಾವೂ ಇದನ್ನು ಎರವಲು ಪಡೆಯಬಹುದು.

ಕೊನೆಯದಾಗಿ ಸಂಘದ ಹಿರಿಯರಲ್ಲಿ ಒಂದು ಮನವಿ. ಇಂದು ಈ ವೇದಿಕೆಯ ಮೇಜಿನ ಮೇಲೆ ಬಹುಮಾನಗಳನ್ನು ಜೋಡಿಸಿಟ್ಟಿದ್ದೀರಿ. ಹತ್ತನೇ ತರಗತಿಯ ಮಕ್ಕಳಿಗೆ ಕೊಡಿ, ಸಂತೋಷ. ಆದರೆ ಎಲ್.ಕೆ.ಜಿ., ಯು.ಕೆ.ಜಿ. ಮಕ್ಕಳಿಗೆ ಪ್ರಥಮ, ದ್ವಿತೀಯ, ತೃತೀಯ ಎಂಬ ಸ್ಥಾನಗಳು ಬೇಕೇ? 30 ಮಕ್ಕಳ ತರಗತಿಯಲ್ಲಿ 3 ಮಕ್ಕಳನ್ನು ವೇದಿಕೆಗೆ ಕರೆದಾಗ, ಉಳಿದ 27 ಮಕ್ಕಳು ಪಕ್ಕದಲ್ಲಿ ಕೂತವನು ಗೆಳೆಯನಲ್ಲ, ಎದುರಾಳಿ ಎಂಬ ಪಾಠ ಕಲಿತು ಮನೆಗೆ ಹೋಗುತ್ತಾರೆ. ಇತರರ ಮನಸ್ಸನ್ನು ಓದಲು ಆಗ ತಾನೇ ಕಲಿಯುತ್ತಿರುವ ವಯಸ್ಸಿನಲ್ಲಿ ಅವರ ಕಣ್ಣಿಗೆ ಬೀಳುವ ಮೊದಲ ಪಾಠ ಅದಾಗಬಾರದು. ಅದೇ ಹಣದಲ್ಲಿ ಪ್ರತಿ ತರಗತಿಗೆ ಒಂದು ದೊಡ್ಡ ಮರದ ಬ್ಲಾಕುಗಳ ಪೆಟ್ಟಿಗೆ, ನಾಲ್ಕು ಜನ ಕೂಡಿ ಆಡುವ ಆಟದ ಸಾಮಾನು ಕೊಡಿಸಿ. ಈ ಮನವಿಯನ್ನು ಮುಂದಿನ ಕಾರ್ಯಕಾರಿ ಸಭೆಯಲ್ಲಿ ಚರ್ಚೆಗೆ ತೆಗೆದುಕೊಳ್ಳಬೇಕೆಂದು ವಿನಮ್ರವಾಗಿ ಕೇಳಿಕೊಳ್ಳುತ್ತೇನೆ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಎಂಬ ಗಾದೆಯನ್ನು ಮಕ್ಕಳ ವಿಷಯದಲ್ಲಿ ನಾವು ಮೇಲಿಂದ ಮೇಲೆ ಹೇಳುತ್ತೇವೆ. ಆದರೆ ಈ ಗಿಡ ಮೊದಲಿನಿಂದಲೂ ಪಕ್ಕದ ಗಿಡದ ಕಡೆಗೇ ಬಾಗಿದೆ. ನಾವು ಅದನ್ನು ಬಗ್ಗಿಸಲು ಹೋಗಬೇಕಾಗಿಲ್ಲ, ನಡುವೆ ಬೇಲಿ ಹಾಕದಿದ್ದರೆ ಸಾಕು.